ದೂರದಿಂದ ತೋರಿಸುವ ಕೈ

ಮಕ್ಕಳೇ, ನಮ್ಮ ಕೈಗೂ ಒಂದು ಮಾತಿದೆ. ‘ಬಾ’ ಎನ್ನಲು ಕೈ ಬೀಸುತ್ತೇವೆ. ‘ಸಾಕು’ ಎನ್ನಲು ಅಂಗೈ ಅಡ್ಡ ಹಿಡಿಯುತ್ತೇವೆ. ‘ಅದೋ, ಅಲ್ಲಿ’ ಎನ್ನಲು ಬೆರಳು ಚಾಚುತ್ತೇವೆ. ಕೈಯ ಈ ಮಾತು ಯಂತ್ರಕ್ಕೂ ತಿಳಿದೀತೇ?

ಗೋಡೆಯಷ್ಟು ದೊಡ್ಡದಾದ ಕಂಪ್ಯೂಟರ್ ಪರದೆಯೊಂದನ್ನು ಕಲ್ಪಿಸಿಕೊಳ್ಳಿ. ಅದರ ತುಂಬ ಒಂದು ನಕ್ಷೆ ಮೂಡಿದೆ. ಹತ್ತಿರ ನಿಂತರೆ ಒಂದು ಮೂಲೆ ಮಾತ್ರ ಕಾಣುತ್ತದೆ. ಪೂರ್ತಿ ಕಾಣಬೇಕೆಂದು ಹಿಂದೆ ಸರಿದರೆ ಕೈಗೆ ಎಟುಕುವುದಿಲ್ಲ. ಮೌಸ್ ಇಡಲು ಅಲ್ಲಿ ಮೇಜೂ ಇಲ್ಲ. ಹಾಗಾದರೆ ನಕ್ಷೆಯನ್ನು ಸರಿಸುವುದು ಹೇಗೆ?

ಇಂಥ ಪ್ರಶ್ನೆ ನನ್ನ ತರಗತಿಯಲ್ಲೂ ಇತ್ತು. ನಾನು ಸೊಲ್ಲಾಪುರ ಜಿಲ್ಲೆಯ ಕನ್ನಡ ಶಾಲೆಯಲ್ಲಿ ಶಿಕ್ಷಕ. ಗೋಡೆಗೆ ಮಹಾರಾಷ್ಟ್ರದ ನಕ್ಷೆ ತೂಗುಹಾಕಿ ನದಿಗಳನ್ನು ಕೇಳುತ್ತಿದ್ದೆ. ಮಕ್ಕಳು ಓಡಿ ಬಂದು ನಕ್ಷೆ ಮುಟ್ಟುತ್ತಿದ್ದರು. ಒಬ್ಬ ಹುಡುಗಿಗೆ ಮಾತ್ರ ನಡೆಯುವುದು ಕಷ್ಟ. ಅವಳು ಕುಳಿತಲ್ಲಿಂದಲೇ ಬೆರಳು ತೋರುತ್ತಿದ್ದಳು. ನಾನು ಕೋಲನ್ನು ನಕ್ಷೆಯ ಮೇಲಿಟ್ಟು, “ಭೀಮಾ ನದಿ ಇಲ್ಲೇನವ್ವಾ?” ಎನ್ನುತ್ತಿದ್ದೆ. “ಕೆಳಗ್ರಿ ಸರ್, ಇನ್ನಷ್ಟು ಕೆಳಗ... ಹಾಂ, ಅಲ್ಲೇ!” ಎನ್ನುತ್ತಿದ್ದಳು. ಅವಳ ಬೆರಳು, ಅವಳ ಮಾತು, ನನ್ನ ಕೋಲು ಮೂರೂ ಸೇರಿದಾಗ ನದಿ ಸಿಗುತ್ತಿತ್ತು.

ಅಮೆರಿಕದ ರಿಚರ್ಡ್ ಬೋಲ್ಟ್ ಎಂಬವರು 1980ರಲ್ಲಿ ಇಂಥದೇ ಪ್ರಯೋಗವನ್ನು ಪ್ರಕಟಿಸಿದರು. ಎದುರಿಗೆ ದೊಡ್ಡ ಪರದೆ. ಕುರ್ಚಿಯಲ್ಲಿ ಕುಳಿತವರ ಮಣಿಕಟ್ಟಿನ ಮೇಲೆ ಕೈಯ ಚಲನೆಯನ್ನು ಅರಿಯುವ ಚಿಕ್ಕ ಸಾಧನ. ಒಂದು ಆಕಾರದತ್ತ ಕೈ ತೋರಿ ‘ಅದನ್ನು’, ಬೇರೆ ಕಡೆ ಕೈ ತೋರಿ ‘ಅಲ್ಲಿಡು’ ಎಂದರೆ ಸಾಕು. ಆಕಾರ ಅಲ್ಲಿಗೆ ಸರಿಯುತ್ತಿತ್ತು.

ಆದರೆ ಇದರಲ್ಲಿ ಒಂದು ತೊಡಕಿದೆ. ದೂರದ ಗೋಡೆಗೆ ಟಾರ್ಚ್ ಬಿಟ್ಟು ನೋಡಿ. ಕೈ ತುಸು ನಡುಗಿದರೂ ಬೆಳಕು ಎಷ್ಟೊಂದು ಅಲುಗುತ್ತದೆ! ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಡೇನಿಯಲ್ ವೋಗಲ್ ಮತ್ತು ರವಿನ್ ಬಾಲಕೃಷ್ಣನ್ 2005ರಲ್ಲಿ ಇದಕ್ಕೆ ಉಪಾಯಗಳನ್ನು ಪರೀಕ್ಷಿಸಿದರು. ಮೊದಲು ಕೈ ತೋರಿ ಪರದೆಯ ಗುರುತನ್ನು ಬೇಕಾದ ಜಾಗದ ಹತ್ತಿರಕ್ಕೆ ಒಯ್ಯುವುದು. ಆಮೇಲೆ ಕೈಯನ್ನು ಮೆಲ್ಲಗೆ ಆಡಿಸಿ ಸರಿಯಾದ ಜಾಗಕ್ಕೆ ತರುವುದು. ಗುಂಡಿ ಒತ್ತುವ ಬದಲು ತೋರುಬೆರಳನ್ನು ಗಾಳಿಯಲ್ಲೇ ಕೆಳಗೆ ತಟ್ಟುವುದು. ಗಾಳಿಯಲ್ಲಿ ತಟ್ಟಿದ್ದು ಬೆರಳಿಗೆ ತಿಳಿಯದು. ಆದ್ದರಿಂದ ಸದ್ದು ಮಾಡಿ, ಗುರುತನ್ನು ಬದಲಿಸಿ ಯಂತ್ರವೇ ‘ತಿಳಿಯಿತು’ ಎಂದು ಹೇಳಬೇಕಾಗುತ್ತದೆ.

2010ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಆಟಗಳಿಗಾಗಿ ಕಿನೆಕ್ಟ್ ಎಂಬ ಕ್ಯಾಮೆರಾ ಸಾಧನವನ್ನು ತಂದಿತು. ಕೈಗೆ ಏನನ್ನೂ ಕಟ್ಟದೆ ಅದು ಮೈಯ ಚಲನೆಯನ್ನು ಗುರುತಿಸುತ್ತಿತ್ತು. ಹೀಗೆ ಯಂತ್ರಕ್ಕೆ ಕಣ್ಣು ಬಂದರೂ ತೊಂದರೆ ಮುಗಿಯಲಿಲ್ಲ. ನಾವು ಮೂಗು ತುರಿಸಿಕೊಂಡರೆ ಅದು ಆಜ್ಞೆಯೆಂದು ತಿಳಿಯಬಾರದಲ್ಲ! ಕೈ ಎತ್ತಿಯೇ ಇದ್ದರೆ ತೋಳು ಸೋಲುತ್ತದೆ. ಈ ನೋವಿಗೆ ‘ಗೊರಿಲ್ಲಾ ತೋಳು’ ಎಂಬ ಹೆಸರೇ ಇದೆ. ವರ್ಷಗಟ್ಟಲೆ ಕರಿಹಲಗೆಯ ಮೇಲೆ ಬರೆದ ನನ್ನ ಭುಜಕ್ಕೆ ಅದು ಚೆನ್ನಾಗಿ ಗೊತ್ತು.

ಯಂತ್ರ ಮಾಡುವವರು ಗಟ್ಟಿಮುಟ್ಟಾದ ಕೈಯನ್ನಷ್ಟೇ ನೆನೆದರೆ ಸಾಲದು. ಅಜ್ಜಿಯ ನಡುಗುವ ಕೈ, ಗಾಲಿಕುರ್ಚಿಯಲ್ಲಿ ಕುಳಿತವರ ಕೈ, ನಿಮ್ಮಂಥ ಮಕ್ಕಳ ಪುಟ್ಟ ಕೈ ಎಲ್ಲವೂ ಅದಕ್ಕೆ ಅರ್ಥವಾಗಬೇಕು.

ನೀವೂ ಒಂದು ಆಟ ಆಡಿ. ಗೆಳೆಯನನ್ನು ನಕ್ಷೆಯ ಹತ್ತಿರ ನಿಲ್ಲಿಸಿ. ಹತ್ತು ಹೆಜ್ಜೆ ದೂರದಿಂದ, ಮಾತಾಡದೆ, ಕೈಯಿಂದಲೇ ಒಂದು ಊರು ತೋರಿಸಿ. ಅವನು ಎಲ್ಲೆಲ್ಲಿ ತಪ್ಪುತ್ತಾನೆಂದು ಬರೆದಿಡಿ. ಯಂತ್ರಕ್ಕೆ ಕಲಿಸಬೇಕಾದ ಪಾಠ ಅಲ್ಲೇ ಇದೆ.