ಉಚಿತವೆಂಬುದಷ್ಟೇ ಸಾಲದು

ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಹೋಟೆಲು ಕಾರ್ಮಿಕರನ್ನು ಸೆಳೆದುದು, ಅವರ ದುಡಿಮೆ ಮುಗಿದ ಹೊತ್ತಿಗೆ ಬಾಗಿಲು ತೆರೆದುದರಿಂದ. ಕಲಿಯುವವನ ಅನುಕೂಲಕ್ಕೆ ಶಾಲೆಯೇ ಹೊಂದಿಕೊಂಡಿತು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕಲಿಯಬೇಕಾದ ಪಾಠವೂ ಇದೇ. ಬೆಲೆಯಿಲ್ಲದೆ ದೊರೆತರೂ ಅದು ಮನೆಯ ಗಣಕಗಳಲ್ಲಿ ವ್ಯಾಪಕವಾಗಿ ನೆಲೆಯೂರಲಿಲ್ಲ.

ಒಂದು ಕಾಲಕ್ಕೆ ಇದೇ ನಗರದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿದ ಕೆ.ಪಿ. ರಾವ್ ಅವರ ಕೀಲಿಮಣೆಯ ಕ್ರಮವು ‘ಕಗಪ’ವೆಂಬ ಹೆಸರಿನಿಂದ ಲಿನಕ್ಸ್‌ನಲ್ಲಿ ಸೇರಿದೆ. ಆದರೆ ಹೊಸಬನು ಅದನ್ನು ಹಲವು ಪಟ್ಟಿಗಳ ಒಳಗಿನಿಂದ ಹುಡುಕಿ ತೆಗೆಯಬೇಕು.

ಇನ್ನೊಂದು ತೊಡಕು ಹಳೆಯ ಬರಹಗಳದು. ಡೊಂಬಿವಲಿಯ ನಿವೃತ್ತ ಅಧ್ಯಾಪಕರೊಬ್ಬರು ಹಿಂದಿನ ‘ನುಡಿ’ಯಲ್ಲಿ ಬೆರಳಚ್ಚಿಸಿದ ಲೇಖನಗಳನ್ನು ಇದರಲ್ಲಿ ತೆರೆದರೆ ಕಾಣುವುದು ರೋಮನ್ ಅಕ್ಷರಗಳ ಗೊಂದಲ. ಆ ಕಾಲದ ಲಿಪಿವಿನ್ಯಾಸಗಳು ಯೂನಿಕೋಡನ್ನು ಅನುಸರಿಸದೆ, ರೋಮನ್ ಸಂಕೇತಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಇರಿಸಿದ್ದುವು. ಪರಿವರ್ತಕಗಳು ಇವೆಯಾದರೂ ಅವನ್ನು ಬೇರೆಯಾಗಿ ಅರಸಬೇಕು. ಜೀವಮಾನದ ಬರಹವೇ ಅಪರಿಚಿತವಾಗಿ ಕಂಡಾಗ ಹಿರಿಯರು ಹಳೆಯ ಗಣಕಕ್ಕೆ ಮರಳುವುದು ಸಹಜ.

ಆದುದರಿಂದ ಸ್ಥಾಪನೆಯ ಮೊದಲ ಹಂತದಲ್ಲಿಯೇ ಕನ್ನಡದ ಕೀಲಿಮಣೆ ಸಿದ್ಧವಾಗಿರಬೇಕು, ಹಳೆಯ ಕಡತವನ್ನು ತೆರೆದೊಡನೆ ಪರಿವರ್ತನೆಯ ದಾರಿ ಎದುರಿಗೆ ಕಾಣಬೇಕು, ಕೈಪಿಡಿ ತಿಳಿಗನ್ನಡದಲ್ಲಿರಬೇಕು. ಹಾಗಾದಲ್ಲಿ ಆ ಅಧ್ಯಾಪಕರು ಲಿನಕ್ಸ್‌ನಲ್ಲಿ ಉಳಿದಾರು. ಅವರ ಬರಹವೂ ಮುಂದಿನ ಸಂಶೋಧಕನಿಗೆ ಉಳಿದೀತು.