ಅರ್ಧವಟರಾಯರೂ ನಮ್ಮ ಕಿಳ್ಳೇಕ್ಯಾತನೂ

ಮುಂಬಯಿಯಲ್ಲಿ ಬೆಳೆದ ಕನ್ನಡಿಗರಲ್ಲಿ ಐವತ್ತು ದಾಟಿದವರು ನಾಲ್ಕು ಜನ ಒಂದೆಡೆ ಕೂಡಲಿ. ಲೋಕಲ್ ಗಾಡಿಯ ಗರ್ದಿ, ಮಕ್ಕಳ ಮದುವೆ, ಊರ ಹೊಲಮನೆಗಳ ತಂಟೆ ಎಲ್ಲ ಮುಗಿದ ಮೇಲೆ ಮಾತು ಹೇಗೋ ದಾರಿ ಮಾಡಿಕೊಂಡು ಅರ್ಧವಟರಾಯರ ಬಾಗಿಲಿಗೆ ಬಂದು ನಿಲ್ಲುತ್ತದೆ. ಒಬ್ಬರು ಆ ಧ್ವನಿಯನ್ನು ಅನುಕರಿಸಲು ಹೋಗಿ ಕೆಮ್ಮುತ್ತಾರೆ. ಇನ್ನೊಬ್ಬರಿಗೆ ರಾಯರ ಹೆಂಡತಿ ಆವಡಾಬಾಯಿಯ ನೆನಪು. ಮೂರನೆಯವರು, "ಅದಿರಲಿ, ಹಪ್ಪಳದ ಮೊಲವನ್ನು ಮರೆತಿರೇನು?" ಎನ್ನುತ್ತಾರೆ. ಹೊಸದಾಗಿ ಊರಿನಿಂದ ಬಂದ ಸೊಸೆಯಂದಿರು, ಇವರೆಲ್ಲ ಯಾವ ನೆಂಟರ ಸುದ್ದಿ ಆಡುತ್ತಿದ್ದಾರೆಂದು ತಿಳಿಯದೆ ಮುಖ ಮುಖ ನೋಡುತ್ತಾರೆ. ನೆಂಟರೇ ಹೌದು, ಗೊಂಬೆಗಳೆಂಬುದಷ್ಟೇ ಭೇದ.

ಅರ್ಧವಟರಾಯರಿಗೆ ಈಗ ನೂರು ವರ್ಷ ಮೀರಿತು. ಯಶವಂತ ಪಾಧ್ಯೆಯವರು 1916ರಲ್ಲಿ ಈ ಗೊಂಬೆಗೆ ರೂಪ ಕೊಟ್ಟರು. 1967ರಲ್ಲಿ ತಂದೆ ತೀರಿಕೊಂಡ ಮೇಲೆ ಮಗ ರಾಮದಾಸ ಪಾಧ್ಯೆಯವರು ಗೊಂಬೆಯ ಹೊಣೆ ಹೊತ್ತರು. ಇಂಜಿನಿಯರಿಂಗ್ ಓದಿದವರು ಅವರು. ಲಿಜ್ಜತ್ ಹಪ್ಪಳದ ಜಾಹೀರಾತಿನಲ್ಲಿ ಹಲ್ಲು ಕಿಸಿದು ನಗುತ್ತಿದ್ದ ಮೊಲವೂ, 1993ರ 'ಝಪಾಟ್‌ಲೇಲಾ' ಚಿತ್ರದಲ್ಲಿ ಮಹಾರಾಷ್ಟ್ರದ ಮಕ್ಕಳ ನಿದ್ದೆ ಕೆಡಿಸಿದ ತಾತ್ಯಾ ವಿಂಚೂ ಎಂಬ ದುಷ್ಟ ಗೊಂಬೆಯೂ ಅವರ ಕೈಯಲ್ಲೇ ಹುಟ್ಟಿದವು. ಮಡದಿ ಅಪರ್ಣಾ ಅವರದೂ ಇದೇ ಕಸುಬು. ಈಗ ಮಗ ಸತ್ಯಜಿತರೂ ಗೊಂಬೆ ಹಿಡಿದಿದ್ದಾರೆ. ಒಂದೇ ಗೊಂಬೆ ಮೂರು ತಲೆಮಾರಿನ ಮಾತನ್ನಾಡಿದೆ.

ಮುಂಬಯಿಗೆ ದೂರದರ್ಶನ ಬಂದದ್ದು 1972ರ ಅಕ್ಟೋಬರ್ 2ರಂದು. ನಮ್ಮ ಚಾಳಿನಲ್ಲಿ ಮೊದಲಿಗೆ ಒಂದೇ ಮನೆಯಲ್ಲಿ ಟಿ.ವಿ. ಇತ್ತು. ಸಂಜೆಯಾದರೆ ಆ ಮನೆಯ ಹೊಸ್ತಿಲ ಹೊರಗೆ ಚಪ್ಪಲಿಗಳ ಗುಡ್ಡೆ. 'ಛಾಯಾಗೀತ್'ಗೆ ದೊಡ್ಡವರು, 'ಕಿಲಬಿಲ'ಕ್ಕೆ ಮಕ್ಕಳು, ಮಾತಾಡುವ ಗೊಂಬೆ ಬಂದರೆ ಎಲ್ಲರೂ. ಯಜಮಾನರ ತೊಡೆಯ ಮೇಲೆ ಕೂತ ಅರ್ಧವಟರಾಯರು ಕಣ್ಣು ಹೊರಳಿಸಿ ಆ ಯಜಮಾನರನ್ನೇ ಗೇಲಿಮಾಡಿದಾಗ ನಮಗಾಗುತ್ತಿದ್ದ ಆನಂದ ಹೇಳತೀರದು. ದೊಡ್ಡವರಿಗೆ ಎದುರುತ್ತರ ಕೊಟ್ಟೂ ಪೆಟ್ಟು ತಿನ್ನದೆ ಉಳಿದವರು ನಮ್ಮ ಲೋಕದಲ್ಲಿ ಅವರೊಬ್ಬರೇ.

ಈ ವಿದ್ಯೆಗೆ ಮರಾಠಿಯಲ್ಲಿ ಶಬ್ದಭ್ರಮವೆಂದು ಹೆಸರು. ಆಡಿಸುವವನು ತುಟಿ ಅಲುಗಿಸದೆ ಮಾತಾಡಬೇಕು. ವಾಚಕರು ಕನ್ನಡಿಯ ಮುಂದೆ ನಿಂತು ಪರೀಕ್ಷೆ ಮಾಡಿ ನೋಡಬಹುದು. ಕ, ಗ, ತ, ನ ಇವು ಸುಲಭ; ನಾಲಿಗೆ ಒಳಗೇ ಕೆಲಸ ಮುಗಿಸುತ್ತದೆ. ತೊಡಕು ಬರುವುದು ಪ, ಬ, ಮಗಳಲ್ಲಿ. ತುಟಿ ಕೂಡದೆ 'ಅಮ್ಮ' ಎನ್ನುವುದು ಸಾಧ್ಯವೇ ಇಲ್ಲ. ಆದುದರಿಂದ ನುರಿತವನು ಮಕಾರದ ಸ್ಥಾನದಲ್ಲಿ ನಕಾರವನ್ನೂ, ಬಕಾರದ ಸ್ಥಾನದಲ್ಲಿ ದಕಾರವನ್ನೂ ಮೆಲ್ಲಗೆ ಸೇರಿಸುತ್ತಾನೆ. ಅವನು 'ಅನ್ನ' ಎನ್ನುತ್ತಾನೆ. ಗೊಂಬೆಯ ಬಾಯಿ ಆಡುವುದನ್ನು ಕಂಡ ನಾವು 'ಅಮ್ಮ' ಎಂದು ಕೇಳಿಸಿಕೊಳ್ಳುತ್ತೇವೆ. ಅರ್ಧ ಮಾತು ಗೊಂಬೆಯವನದು, ಉಳಿದರ್ಧ ಕೇಳುವವನದು.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಈ ವಿದ್ಯೆಯ ಹುಚ್ಚು ಹತ್ತಿತು. ಅಪ್ಪನ ಹಳೆಯ ಕಾಲುಚೀಲಕ್ಕೆ ಎರಡು ಗುಂಡಿ ಹೊಲಿದು ಕೈಗೆ ತೊಡಿಸಿ, ಹಗಲೂ ರಾತ್ರಿ ಅರ್ಧವಟರಾಯನಾದೆ. ಅವರು ಮರಾಠಿ ಆಡುವವರಾದ್ದರಿಂದ ನಾನೂ ಮರಾಠಿಯಲ್ಲೇ. ಅವ್ವ ಕನ್ನಡದಲ್ಲಿ ಕರೆದರೆ ಕಾಲುಚೀಲ ಮರಾಠಿಯಲ್ಲಿ ಓಗೊಡುತ್ತಿತ್ತು. ಮೊದಮೊದಲು ಅವ್ವ ನಕ್ಕಳು. ತಿಂಗಳೆರಡಾದ ಮೇಲೆ ನಗು ನಿಂತಿತು. ಒಂದು ರಾತ್ರಿ ನಾನು ಮಲಗಿದೆನೆಂದು ತಿಳಿದು ಅಪ್ಪನ ಹತ್ತಿರ ಅಂದಳು: "ಈ ಹುಡುಗಗ ಕನಸರ ಯಾವ ಭಾಷಾದಾಗ ಬೀಳ್ತಾವೋ ಏನೋ. ನಾಳೆ ಊರಿಗೆ ಹೋದ್ರ ನಮ್ಮವ್ವನ ಕೂಡ ಏನು ಮಾತಾಡ್ಯಾನು?" ಅವಳ ದನಿ ನಡುಗುತ್ತಿತ್ತು.

ಅಪ್ಪ ಕಾಲುಚೀಲವನ್ನು ಕಸಿದುಕೊಳ್ಳಲಿಲ್ಲ. ಮುಂದಿನ ರವಿವಾರ ಅಡಿಗೆಮನೆಯ ಬಾಗಿಲಿಗೆ ತಮ್ಮ ಬಿಳಿ ಧೋತರ ಕಟ್ಟಿದರು. ಹಿಂದೆ ಒಂದು ದೀಪ. ಬೂಟಿನ ಪೆಟ್ಟಿಗೆಯ ರಟ್ಟಿನಿಂದ ಡೊಳ್ಳು ಹೊಟ್ಟೆಯ ಆಕೃತಿಯೊಂದನ್ನು ಕತ್ತರಿಸಿ ಪರದೆಗೆ ತಂದರು. "ಏ ತಮ್ಮಾ, ಇಂವ ಕಿಳ್ಳೇಕ್ಯಾತ. ನಿಮ್ಮ ಅರ್ಧವಟರಾಯನ ಅಣ್ಣ ಅನ್ನು."

ಕೊಪ್ಪಳದ ಕಡೆಯ ಅಪ್ಪ ಚಿಕ್ಕಂದಿನಲ್ಲಿ ತೊಗಲುಗೊಂಬೆ ಆಟಗಳನ್ನು ಬೆಳಗಿನವರೆಗೆ ನೋಡಿದವರು. ಹದಗೊಳಿಸಿದ ತೊಗಲಿಗೆ ಬಣ್ಣ ತುಂಬಿ, ಬಿಳಿ ಪರದೆಯ ಹಿಂದಿನಿಂದ ಬೆಳಕು ಹಾಯಿಸಿ ರಾಮಾಯಣ, ಮಹಾಭಾರತ ಆಡಿಸುವ ಕಲೆ ಅದು. ಮಳೆ ಬಾರದಿದ್ದರೆ ಹಳ್ಳಿಗಳಲ್ಲಿ ಈ ಆಟ ಆಡಿಸುವ ಪದ್ಧತಿಯಿತ್ತು. ಕಥೆಯ ನಡುವೆ ನುಗ್ಗಿ ಎಲ್ಲರನ್ನೂ ಹಾಸ್ಯಮಾಡುವವನು ಕಿಳ್ಳೇಕ್ಯಾತ. ಅವನೊಡನೆ ಜಗಳಕ್ಕೆ ಹೆಂಡತಿ ಬಂಗಾರಕ್ಕ. ಅರ್ಧವಟರಾಯ, ಆವಡಾಬಾಯಿಯರ ಸಂಸಾರವೇ, ಭಾಷೆ ಮಾತ್ರ ಬೇರೆ.

ಮಿತಭಾಷಿಯಾದ ನನ್ನ ಅಪ್ಪ ಪರದೆಯ ಹಿಂದೆ ಬೇರೆಯೇ ಮನುಷ್ಯ. ಕಿಳ್ಳೇಕ್ಯಾತ ಚಾಳಿನ ನಲ್ಲಿಯ ಸಾಲನ್ನು ಬೈದ. ರೇಷನ್ ಅಂಗಡಿಯ ಅಕ್ಕಿಯಲ್ಲಿ ಕಲ್ಲೆಣಿಸಿದ. ಅವ್ವನ ಹತ್ತಿರ ರೊಟ್ಟಿ ಬೇಡಿದ. ಬಳಿಕ ನನ್ನ ಕಡೆ ತಿರುಗಿ, "ಎಲ್ಲಿ ನಮ್ಮ ತಮ್ಮ? ಮಾತಾಡವಲ್ಲ ಯಾಕ?" ಎಂದ. ನಾನು ಕಾಲುಚೀಲ ತೊಟ್ಟು ಧೋತರದ ಹಿಂದೆ ಹೋದೆ. ಅವನದು ಕನ್ನಡ, ನನ್ನದು ಮರಾಠಿ. ಆದರೆ ಅವನ ಚೇಷ್ಟೆಗೆ ತಕ್ಕ ಉತ್ತರ ಕೊಡಬೇಕಾದರೆ ಅವನ ಮಾತಿನ ಮೊನೆ ತಿಳಿಯಬೇಕಲ್ಲ! ಮೂರು ನಾಲ್ಕು ರವಿವಾರ ಕಳೆಯುವುದರೊಳಗೆ ನನ್ನ ಅರ್ಧವಟರಾಯರು ಜಗಳಕ್ಕೆ ಬೇಕಾಗುವಷ್ಟು ಕನ್ನಡ ಕಲಿತರು. ಆ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಎದುರು ಆಟ ಆಡಿಸಿದವನು ನಾನೇ.

ದೊಡ್ಡವನಾದ ಮೇಲೆ ಗೊಂಬೆಯಾಟದ ವಿಷಯ ಓದತೊಡಗಿದಾಗ ಒಂದು ಸಂಗತಿ ತಿಳಿದು ಬೆರಗಾದೆ. ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತ ಜನರ ಮನೆಮಾತು ಮರಾಠಿಯದೇ ಒಂದು ಬಗೆ! ಅವರ ಹಿರಿಯರು ಮಹಾರಾಷ್ಟ್ರದ ಕಡೆಯಿಂದ ಬಂದವರೆಂದು ಹೇಳುತ್ತಾರೆ. ಇದನ್ನು ಅಪ್ಪನಿಗೆ ಹೇಳಿದಾಗ ಅವರು ನಕ್ಕರು: "ಅವರು ಈ ಕಡಿಂದ ಆ ಕಡೆ ಹ್ವಾದ್ರು, ನಾವು ಆ ಕಡಿಂದ ಈ ಕಡೆ ಬಂದಿವಿ. ಲೆಕ್ಕ ಚುಕ್ತಾ ಆತು ನೋಡು." ಅವರು ತಲೆಮಾರುಗಳ ಕಾಲ ನಮ್ಮ ಹಳ್ಳಿಗಳಿಗೆ ಕನ್ನಡದಲ್ಲಿ ರಾಮಾಯಣ ಹೇಳಿದರು, ಮನೆಗೆ ಹೋಗಿ ತಮ್ಮ ಮಾತನ್ನಾಡಿದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅಪ್ಪ ಇರಬೇಕಿತ್ತು ಎನಿಸಿತು.

ಹೊರಗಿನ ಮಾತು ಕಲಿತರೆ ಮನೆಮಾತು ಹೋದೀತೆಂಬುದು ಪರಸ್ಥಳದಲ್ಲಿರುವ ನಮ್ಮೆಲ್ಲರ ಒಳಗಿನ ಭಯ. ನನಗೆ ಕಂಡಂತೆ, ಮನೆಮಾತು ಹೋಗುವುದು ಹೊರಗಿನ ಗೊಂಬೆಯಿಂದಲ್ಲ. ಮನೆಯಲ್ಲಿ ಆ ಮಾತಿನಲ್ಲಿ ಆಟವಾಡುವವರು ಇಲ್ಲವಾದುದರಿಂದ. ಬೆಂಗಳೂರಿನ ಮಕ್ಕಳಿಗೆ ಇಂದುಶ್ರೀಯವರ ಡಿಂಕು ಕನ್ನಡದಲ್ಲಿ ತುಂಟಾಟ ಮಾಡಿ ತೋರಿಸಿದ. ನಮ್ಮ ಮಕ್ಕಳಿಗೆ 2006ರಲ್ಲಿ ಆರಂಭವಾದ 'ಗಲ್ಲಿ ಗಲ್ಲಿ ಸಿಮ್ ಸಿಮ್'ನ ಚಮ್ಕಿ ಹಿಂದಿಯಲ್ಲಿ ಗೆಳತಿಯಾದಳು. ಒಳ್ಳೆಯ ಹುಡುಗಿಯೇ, ಅವಳನ್ನು ಹೊರಗೆ ಕಳಿಸುವ ಕಾರಣವಿಲ್ಲ. ಅವಳ ಜತೆಗೆ ಜಗಳವಾಡಲು ಕನ್ನಡದ ಗೊಂಬೆಯೊಂದು ಬೇಕು, ಅಷ್ಟೆ.

ದಸರೆಯಲ್ಲಿ ನಮ್ಮಲ್ಲಿ ಹಲವರು ಮೆಟ್ಟಿಲ ಮೇಲೆ ಗೊಂಬೆ ಕೂರಿಸುತ್ತಾರೆ. ಅವು ಒಂಬತ್ತು ದಿನವೂ ಬಾಯಿ ಬಿಡವು. ಈ ಸಲ ಅವುಗಳ ಪಕ್ಕದಲ್ಲಿ ಮಾತಾಡುವುದೊಂದು ಇರಲಿ. ಹಳೆಯ ಕಾಲುಚೀಲ, ಎರಡು ಗುಂಡಿ, ಒಂದು ದಾರದ ಉಂಡೆ. ಇದಕ್ಕಿಂತ ಹೆಚ್ಚು ವೆಚ್ಚವಿಲ್ಲ. ಮಗುವಿನ ಗೊಂಬೆ ಕನ್ನಡದಲ್ಲಿ ತಪ್ಪು ಮಾಡಿದರೆ ಯಾರೂ ತಿದ್ದಕೂಡದು. ಮತ್ತೊಂದು ಗೊಂಬೆ ಬೇಕಾದರೆ ಗೇಲಿಮಾಡಲಿ. ಸಂಘದ ಮುಂದಿನ ಸ್ನೇಹಸಮ್ಮೇಲನಕ್ಕೆ ಅಂಥ ಹತ್ತು ಗೊಂಬೆಗಳು ಬಂದರೆ, ಪರದೆಗೆ ಬೇಕಾದ ಧೋತರ ನಾನು ತರುತ್ತೇನೆ.