ಮೋಟ್ರು, ಟ್ಯಾಂಕು ಮತ್ತು ನನ್ನ ಫೋನು

ವಿಜಯನಗರದ ನಮ್ಮ ಮನೇಲಿ ಟ್ಯಾಂಕು ತುಂಬಿದ್ರೆ ಕೂಗೋ ಅಲಾರಂ ಒಂದಿದೆ. ತುಂಬದೇ ಇದ್ರೂ ಕೂಗತ್ತೆ. ಮಳೆ ಬಂದ್ರೆ, ಕರೆಂಟು ಹೋಗಿ ಬಂದ್ರೆ ಕೂಗತ್ತೆ. ಹಾಗಾಗಿ ಅದರ ಮಾತನ್ನ ಯಾರೂ ಕಿವಿಗೆ ಹಾಕ್ಕೊಳಲ್ಲ. ಮಹಡಿಯಿಂದ ನೀರು ಧೋ ಅಂತ ಸುರಿಯುವಾಗ ಪಕ್ಕದ ಮನೆ ಆಂಟಿ "ನೀರು ಹೋಗ್ತಿದೆ ಕಣ್ರೀ" ಅಂತಾರೆ, ಅಮ್ಮ ಓಡ್ತಾರೆ.

ಇದನ್ನ ಯಾಕೆ ಹೇಳ್ದೆ ಅಂದ್ರೆ, ಮೂರು ತಿಂಗಳ ಹಿಂದೆ ನಾನೂ ಅದನ್ನೇ ಮಾಡಿದ್ದು. ನಮ್ಮದು ಸಣ್ಣ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್. ಸರ್ವರಿನ ಸಿಪಿಯು ಶೇಕಡಾ 80 ದಾಟಿದ್ರೆ ಸಾಕು, ರಾತ್ರಿಯೆಲ್ಲ ಫೋನು ಬಡ್ಕೊಳ್ಳೋದು, ಐದು ನಿಮಿಷಕ್ಕೆ ತಾನೇ ಸುಮ್ಮನಾಗೋದು. ಒಂದಿನ ರೋಸಿಹೋಗಿ ಆ ಆಪ್‌ನ ಸದ್ದು ನಿಲ್ಲಿಸಿ ಮಲಗಿದೆ. ಅವತ್ತೇ ರಾತ್ರಿ ಎರಡಕ್ಕೆ ಡೇಟಾಬೇಸ್ ಡಿಸ್ಕ್ ತುಂಬಿ ಎಲ್ಲ ನಿಂತಿತ್ತು. ನನಗೆ ಗೊತ್ತಾಗಿದ್ದು ಬೆಳಿಗ್ಗೆ ಐದೂವರೆಗೆ, ಹಾಸನದ ಹಾಲಿನಂಗಡಿಯವರು ಫೋನ್ ಮಾಡಿದಾಗ. "ಪುಸ್ತಕದಲ್ಲಿ ಬರ್ಕೋತಿದೀನಿ ಸಾರ್, ಎಷ್ಟೊತ್ತಿಗೆ ಸರಿಹೋಗತ್ತೆ?" ಅಂದ್ರು ಪುಣ್ಯಾತ್ಮರು. ಬೈದಿದ್ರೇ ವಾಸಿಯಿತ್ತು.

"ಬೇರೆ ಮಾನಿಟರಿಂಗ್ ಸರ್ವೀಸ್ ಹುಡುಕು" ಅಂದ್ರು ಮ್ಯಾನೇಜರ್ರು. ಹುಡುಕಿದೆ. ಡೇಟಾಡಾಗ್, ನ್ಯೂ ರೆಲಿಕ್, ಅಮೆಜಾನ್‌ನ ಕ್ಲೌಡ್‌ವಾಚ್, ಝೋಹೋದವರ ಸೈಟ್ 24×7. ಗ್ರಾಫುಗಳೋ, ನೋಡ್ತಾನೇ ಇರ್ಬೇಕು ಅನ್ಸತ್ತೆ! ಬೆಲೆ ಲೆಕ್ಕ ಹಾಕುವಾಗ ಮಾತ್ರ ಬೆವರು ಬಂತು. ಅಳತೆಗೆ ಅಂಗಡಿ ನಂಬರನ್ನ ಟ್ಯಾಗ್ ಮಾಡಿ ಸೇರಿಸಿದ್ರೆ, ಸಾವಿರ ಅಂಗಡಿಗೆ ಅದು ಒಂದಲ್ಲ, ಸಾವಿರ ಅಳತೆ. ದುಡ್ಡೂ ಹಾಗೇ. (ಟ್ಯಾಗ್ ಸೇರಿಸಿದ್ದು ನಾನೇ, ಯಾರಿಗೂ ಹೇಳಿಲ್ಲ :))

ಇನ್ನೊಂದು ವಿಷಯ. 2023ರ ಮಾರ್ಚ್ 8ರಂದು ಡೇಟಾಡಾಗೇ ಮಲಗಿತ್ತು. ತಾನಾಗೇ ಬಂದ ಒಂದು ಸೆಕ್ಯುರಿಟಿ ಅಪ್‌ಡೇಟ್‌ನಿಂದ ಅವರ ಸರ್ವರುಗಳ ನೆಟ್‌ವರ್ಕ್ ಕಳಚಿಹೋಯ್ತು, ಪೂರ್ತಿ ಸರಿಯಾಗೋಕೆ ಒಂದು ದಿನದ ಮೇಲೆ ಬೇಕಾಯ್ತು. ಅಷ್ಟು ದೊಡ್ಡವರಿಗೇ ಹಾಗಾದ್ರೆ, ಕಾವಲುಗಾರನಿಗೆ ಕಾವಲು ಯಾರು?

ಕೊನೆಗೆ ಒಳಗಿನ ಅಳತೆಗಳಿಗೆ ಪುಕ್ಕಟೆ ಸಿಗೋ ಪ್ರೊಮಿಥಿಯಸ್, ಗ್ರಫಾನಾ ಹಾಕ್ಕೊಂಡ್ವಿ. ಜೊತೆಗೆ, ನಮ್ಮ ಸರ್ವರುಗಳಿರೋ ಮುಂಬೈ ಬಿಟ್ಟು ಸಿಂಗಪುರದಿಂದ ನಿಮಿಷಕ್ಕೊಂದು ಸುಳ್ಳು ಬಿಲ್ ಮಾಡಿ ನೋಡೋಕೆ ಬೇರೆ ಕಂಪನಿಯ ಒಂದು ಸಣ್ಣ ಸರ್ವೀಸ್. ಪಕ್ಕದ ಮನೆ ಆಂಟಿ ಇದ್ದ ಹಾಗೆ!

ಆದ್ರೆ ನಿಜವಾಗ್ಲೂ ಕಷ್ಟವಾಗಿದ್ದು 43 ಅಲರ್ಟುಗಳನ್ನ 6ಕ್ಕೆ ಇಳಿಸೋದು. ಒಂದೊಂದಕ್ಕೂ ಮೀಟಿಂಗಲ್ಲಿ ಜಗಳ. "ಇರ್ಲಿ ಬಿಡು, ಯಾವತ್ತಾದ್ರೂ ಬೇಕಾಗತ್ತೆ" ಅನ್ನೋರೇ ಎಲ್ಲ. ಅಲರ್ಟ್ ಬಂದ್ರೆ ನಾನು ಎದ್ದು ಏನು ಮಾಡ್ಬೇಕು ಅಂತ ಕೇಳ್ತಾ ಹೋದೆ. ಉತ್ತರ ಇಲ್ಲದಿದ್ದನ್ನೆಲ್ಲ ಅಳಿಸಿದ್ವಿ. ಸಿಪಿಯುದೂ ಹೋಯ್ತು. ಈ ವೇಗದಲ್ಲಿ ತುಂಬಿದ್ರೆ ನಾಲ್ಕು ಗಂಟೆಯಲ್ಲಿ ಡಿಸ್ಕ್ ಖಾಲಿ ಇರಲ್ಲ ಅಂತ ಮೊದಲೇ ಹೇಳೋ ಲೆಕ್ಕ ಪ್ರೊಮಿಥಿಯಸ್‌ನಲ್ಲಿದೆ, ಅದು ಉಳೀತು.

ಕಳೆದ ಗುರುವಾರ ರಾತ್ರಿ ಒಂದು ಗಂಟೆಗೆ ಫೋನು ಬಡ್ಕೊಳ್ತು. ಧಡಕ್ಕನೆ ಎದ್ದು ಲ್ಯಾಪ್‌ಟಾಪ್ ತೆಗೆದೆ. ಹಳೇ ಲಾಗ್ ಫೈಲುಗಳು ಬೆಟ್ಟದಷ್ಟು ಬಿದ್ದಿದ್ವು.

"ಏನೋ ಅದು, ಈ ಹೊತ್ತಲ್ಲಿ?" ಅಮ್ಮ ಒಳಗಿಂದ ಕೇಳಿದ್ರು.

"ತುಂಬ್ತಿದೆ ಅಮ್ಮ, ನಾನು ನೋಡ್ಕೋತೀನಿ."

ಅಮ್ಮ ಎದ್ದು ಮೋಟ್ರು ಆಫ್ ಮಾಡಕ್ಕೆ ಹೋದ್ರು.